ಜೊಲ್ಲು ಸುರಿಸುವ ದನ: ಗಂಟಲಿಗೆ ಕೈ ಹಾಕುವ ಮುನ್ನ

ಕರಾವಿನ ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿಲ್ಲ. ಮೆಲುಕು ನಿಂತಿದೆ. ಬಾಯಿಂದ ನೂಲಿನಂತೆ ಜೊಲ್ಲು ಇಳಿಯುತ್ತಿದೆ. ನೀರಿಗೆ ಮೂತಿ ಇಡುತ್ತದೆ, ಆದರೆ ನುಂಗಲಾರದು. ಮನೆಯವರಿಗೆ ಮೊದಲು ತೋಚುವುದು ಒಂದೇ: ‘ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ.’ ಮಾವಿನ ಓಟೆಯೋ, ಜೋಳದ ದಂಟೋ, ಗೆಣಸಿನ ತುಂಡೋ ಇರಬೇಕೆಂದು ಇಬ್ಬರು ಕೊಂಬು ಹಿಡಿಯುತ್ತಾರೆ. ಮತ್ತೊಬ್ಬರು ತೋಳು ಮಡಿಸಿ ಬಾಯೊಳಗೆ ಕೈ ಹಾಕಿ ತಡಕುತ್ತಾರೆ. ಏನೂ ಸಿಗುವುದಿಲ್ಲ. ಇನ್ನೆರಡು ದಿನದಲ್ಲಿ ಎಮ್ಮೆ ನೆಲ ಹಿಡಿದು ಸಾಯುತ್ತದೆ. ಆಗ ಮನೆಯ ಹುಡುಗನಿಗೆ ನೆನಪಾಗುತ್ತದೆ: ಎರಡು ತಿಂಗಳ ಹಿಂದೆ ಎಲ್ಲಿಂದಲೋ ಬಂದ ನಾಯಿಯೊಂದು ಈ ಎಮ್ಮೆಯ ಹಿಂಗಾಲಿಗೆ ಬಾಯಿ ಹಾಕಿತ್ತು.

ಎಮ್ಮೆಯ ಕಥೆ ಅಲ್ಲಿಗೆ ಮುಗಿಯಿತು. ಕೈ ಹಾಕಿದವರ ಗತಿ ಏನು?

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಯಾವ ಹಳ್ಳಿಯಲ್ಲಾದರೂ ನಡೆಯಬಹುದಾದ ಸಂಗತಿ ಇದು. ಹುಚ್ಚುನಾಯಿ ರೋಗ ಅಥವಾ ರೇಬಿಸ್ ಎಂದರೆ ನಾಯಿಗೂ ಮನುಷ್ಯನಿಗೂ ಸಂಬಂಧಿಸಿದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ದನ, ಎಮ್ಮೆ, ಕುರಿ, ಆಡುಗಳಿಗೂ ಇದು ತಗಲುತ್ತದೆ. ಅವುಗಳ ಜೊಲ್ಲಿನಿಂದ ಸಾಕಿದವರಿಗೂ ಬರಬಹುದು ಎಂಬುದನ್ನು ರೈತ ಬಾಂಧವರು ಅರಿತಿರಬೇಕು.

ರೋಗ ಹರಡುವ ಬಗೆ

ರೇಬಿಸ್‌ಗೆ ಕಾರಣ ಒಂದು ವೈರಸ್. ರೋಗ ಹಿಡಿದ ಪ್ರಾಣಿಯ ಜೊಲ್ಲಿನಲ್ಲಿ ಅದು ಇರುತ್ತದೆ. ಕಚ್ಚಿದಾಗ, ಪರಚಿದಾಗ, ಗಾಯವಿರುವ ಚರ್ಮವನ್ನು ನೆಕ್ಕಿದಾಗ, ಇಲ್ಲವೇ ಜೊಲ್ಲು ಕಣ್ಣು-ಬಾಯಿಗೆ ಸಿಡಿದಾಗ ದೇಹವನ್ನು ಸೇರುತ್ತದೆ. ಹಾವಿನ ವಿಷದಂತೆ ಇದು ರಕ್ತದಲ್ಲಿ ಹರಿದು ಏರುವುದಿಲ್ಲ. ಗಾಯದ ಬಳಿಯ ನರವನ್ನು ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಕಾಲಿಗೆ ಕಚ್ಚಿದರೆ ದಾರಿ ದೂರ. ಮುಖ, ಕತ್ತು, ಕೈಗೆ ಕಚ್ಚಿದರೆ ದಾರಿ ಹತ್ತಿರ. ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಅಪರೂಪಕ್ಕೆ ಒಂದು ವಾರದಲ್ಲೂ, ಒಂದು ವರ್ಷ ಕಳೆದ ಮೇಲೂ ಕಾಣಿಸಿಕೊಂಡದ್ದುಂಟು.

ನಮ್ಮ ದೇಶದಲ್ಲಿ ಈ ರೋಗವನ್ನು ಹೆಚ್ಚಾಗಿ ಹರಡುವುದು ನಾಯಿ. ಆದರೆ ಮಲೆ ಮಹದೇಶ್ವರ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡಂಚಿನಲ್ಲಿ ದನ ಮೇಯಿಸುವವರು, ದೊಡ್ಡಿಗಳಲ್ಲಿ ರಾತ್ರಿ ಕಳೆಯುವವರು ನರಿ, ಮುಂಗುಸಿ ಮುಂತಾದ ಕಾಡುಪ್ರಾಣಿಗಳ ಕಡಿತವನ್ನೂ ಕಡೆಗಣಿಸಬಾರದು. ದೊಡ್ಡಿ ಕಾಯುವ ನಾಯಿ ಕಾಡಿನ ಪ್ರಾಣಿಗಳೊಡನೆ ಕಾದಾಡಿ ಊರಿಗೆ ಮರಳುತ್ತದೆ ಎಂಬುದೂ ನೆನಪಿರಲಿ.

ದನಕರುಗಳಲ್ಲಿ ಲಕ್ಷಣಗಳು

ಕಚ್ಚಿಸಿಕೊಂಡ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ದನಗಳಲ್ಲಿ ಲಕ್ಷಣಗಳು ತೋರುತ್ತವೆ. ಮೊದಲು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹಾಲು ದಿಢೀರನೆ ಇಳಿಯುತ್ತದೆ. ಕಣ್ಣು ಅರಳಿಸಿ, ಕಿವಿ ನಿಮಿರಿಸಿ, ಸಣ್ಣ ಸದ್ದಿಗೂ ಬೆಚ್ಚುತ್ತದೆ. ಕೆಲವು ದನಗಳು ಗೋಡೆ, ಗೂಟ, ಆಳುಗಳೆನ್ನದೆ ಹಾಯುತ್ತವೆ. ಮೇಲಿಂದ ಮೇಲೆ ಅರಚುತ್ತವೆ. ಅರಚಿ ಅರಚಿ ದನಿ ಒಡೆದು ಕರ್ಕಶವಾಗುತ್ತದೆ. ಈ ಒಡಕು ದನಿ ಮುಖ್ಯವಾದ ಗುರುತು. ಬೆದೆಗೆ ಬಂದಂತೆ ಬೇರೆ ದನಗಳ ಮೇಲೆ ಏರುವುದು, ಸಗಣಿ ಹಾಕಲು ಪದೇ ಪದೇ ತಿಣುಕುವುದು ಸಹ ಉಂಟು.

ಇನ್ನು ಕೆಲವು ದನಗಳು ಯಾವ ಗಲಾಟೆಯನ್ನೂ ಮಾಡುವುದಿಲ್ಲ. ಸುಮ್ಮನೆ ಮೂಲೆ ಹಿಡಿದು ನಿಲ್ಲುತ್ತವೆ. ಗಂಟಲಿನ ಸ್ನಾಯುಗಳು ಸೋತು ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಹಿಂಗಾಲು ತಡವರಿಸುತ್ತದೆ. ಮೋಸ ಹೋಗುವುದು ಇಲ್ಲಿಯೇ. ಜೊಲ್ಲು ಕಂಡ ಕೂಡಲೇ ಕಾಲುಬಾಯಿ ಜ್ವರವೆಂದೋ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದೋ ತಿಳಿದು ನಾಲಿಗೆ ಹಿಡಿದೆಳೆಯುವುದು, ಗೊಟ್ಟದಲ್ಲಿ ಔಷಧ ಹೊಯ್ಯುವುದು ನಡೆಯುತ್ತದೆ. ಕಾಲುಬಾಯಿ ಜ್ವರದಲ್ಲಿ ಬಾಯಲ್ಲೂ ಗೊರಸಿನ ಸಂದಿಯಲ್ಲೂ ಹುಣ್ಣು ಇರುತ್ತದೆ. ಇದರಲ್ಲಿ ಹುಣ್ಣು ಇರುವುದಿಲ್ಲ. ಆದರೆ ಅದನ್ನು ನೋಡಿ ಹೇಳಬೇಕಾದವರು ಪಶುವೈದ್ಯರು. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ. ಲಕ್ಷಣ ಕಂಡ ದನ ಸಾಮಾನ್ಯವಾಗಿ ವಾರ, ಹತ್ತು ದಿನದೊಳಗೆ ಸಾಯುತ್ತದೆ.

ನಾಯಿಯಲ್ಲೂ ಇದೇ ಎರಡು ಬಗೆ. ಒಂದು ಉಗ್ರ: ಸಿಕ್ಕಿದ್ದನ್ನು ಕಚ್ಚುತ್ತಾ, ಕಲ್ಲು-ಕಡ್ಡಿ ತಿನ್ನುತ್ತಾ ಊರೂರು ಅಲೆಯುವುದು. ಇನ್ನೊಂದು ಮೌನ: ಕೆಳದವಡೆ ಜೋತು, ಕತ್ತಲ ಮೂಲೆಯಲ್ಲಿ ಬಿದ್ದಿರುವುದು. ಎರಡನೆಯದು ಕಡಿಮೆ ಅಪಾಯದ್ದಲ್ಲ.

ರೋಗ ಬಂದ ಮೇಲೆ ಚಿಕಿತ್ಸೆ ಉಂಟೆ?

ಮನುಷ್ಯರಲ್ಲಿ ಮೊದಲು ಹಳೆಯ ಗಾಯದ ಜಾಗದಲ್ಲಿ ಜುಮುಗುಡುವಿಕೆ, ತುರಿಕೆ, ಉರಿ. ಜೊತೆಗೆ ಜ್ವರ, ತಲೆನೋವು, ಕಳವಳ. ಬಳಿಕ ನೀರು ಕುಡಿಯಹೋದರೆ ಗಂಟಲು ಸೆಳೆತ ಹಿಡಿಯುತ್ತದೆ. ನೀರಿನ ಹೆಸರೆತ್ತಿದರೂ ಹೆದರಿಕೆ. ಬೀಸುವ ಗಾಳಿಗೂ ಇದೇ ಪಾಡು. ಕೆಲವರಿಗೆ ಈ ಜಲಭೀತಿ ಇಲ್ಲದೆ ಕೈಕಾಲು ಸೋಲುತ್ತಾ ಹೋಗುತ್ತದೆ. ಮುಂದೆ ಕೆಲವೇ ದಿನಗಳಲ್ಲಿ ಸಾವು.

ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗವನ್ನು ವಾಸಿ ಮಾಡುವ ಔಷಧ ಇಂದಿಗೂ ಇಲ್ಲ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಾವಲಿ ಕಚ್ಚಿ ರೋಗ ಹಿಡಿದ 15 ವರ್ಷದ ಬಾಲಕಿಯನ್ನು ಔಷಧಗಳಿಂದ ಪ್ರಜ್ಞೆ ತಪ್ಪಿಸಿಟ್ಟು ಉಳಿಸಿಕೊಂಡರು. ಅದೇ ಕ್ರಮವನ್ನು ಮುಂದೆ ಹಲವರ ಮೇಲೆ ಅನುಸರಿಸಿದರೂ ಬಹುತೇಕ ಫಲಿಸಲಿಲ್ಲ. ಜಗತ್ತಿನಲ್ಲಿ ಬದುಕುಳಿದವರು ಬೆರಳೆಣಿಕೆಯಷ್ಟು ಮಂದಿ. ದನಗಳಿಗಂತೂ ಚಿಕಿತ್ಸೆಯೇ ಇಲ್ಲ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ವೈರಸ್ ನಿಧಾನವಾಗಿ ನಡೆಯುತ್ತದೆ ಎಂದೆವಲ್ಲ, ನಮಗೆ ಸಿಗುವ ಅವಕಾಶ ಅದೇ. ಅದು ಮಿದುಳು ಮುಟ್ಟುವ ಮೊದಲೇ ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಬೆಳೆಸಬಹುದು. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಡಿಸಲು ಆರಂಭಿಸಿ ಉಳಿಸಿದ್ದು ಈ ತತ್ವದ ಮೇಲೆಯೇ. ಕಚ್ಚಿದ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವಿನ ಕಾಲವೇ ಚಿಕಿತ್ಸೆಯ ಕಾಲ. ಅದನ್ನು ಕಳೆದುಕೊಂಡರೆ ಮತ್ತೆ ಸಿಗದು.

ಕಚ್ಚಿದ ಕೂಡಲೇ

ಮೊದಲ ಔಷಧ ಮನೆಯಲ್ಲೇ ಇದೆ: ಸೋಪು ಮತ್ತು ನೀರು. ನಲ್ಲಿಯ ಕೆಳಗೆ ಅಥವಾ ಪಂಪ್‌ಸೆಟ್ಟಿನ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಬಿಡದೆ ಗಾಯ ತೊಳೆಯಬೇಕು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ. ಸೋಪು ಅದನ್ನು ಕರಗಿಸುತ್ತದೆ. ಸ್ನಾನದ ಸೋಪೋ ಬಟ್ಟೆ ಸೋಪೋ ಯಾವುದಾದರೂ ಸರಿ. ಬಳಿಕ ಅಯೋಡಿನ್ ಔಷಧ ಇದ್ದರೆ ಹಚ್ಚಿರಿ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಎಕ್ಕದ ಹಾಲು, ಎಣ್ಣೆ ಇವು ಯಾವುವೂ ಬೇಡ. ಗಾಯ ಸುಡಬೇಡಿ, ಬಿಗಿಯಾಗಿ ಕಟ್ಟಬೇಡಿ.

ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಚರ್ಮದಲ್ಲಿ ಕೊಡುವ ಕ್ರಮದಲ್ಲಿ ಮೊದಲ ಸೂಜಿಯ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7 ಮತ್ತು 28ನೇ ದಿನ ಹೀಗೆ ನಾಲ್ಕು ಭೇಟಿ. ಪ್ರತಿಸಲ ಎರಡೂ ತೋಳಿಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ ಹೀಗೆ ಐದು. ರಕ್ತ ಬಂದ ಗಾಯವಾದರೆ ಲಸಿಕೆಯೊಂದೇ ಸಾಲದು. ಲಸಿಕೆಯ ಗುಣ ದೇಹದಲ್ಲಿ ಮೂಡಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ಕಾಪಾಡಲು ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿವಸ್ತುವನ್ನು ಗಾಯದೊಳಕ್ಕೇ ಚುಚ್ಚಬೇಕಾಗುತ್ತದೆ. ಇದನ್ನು ಮೊದಲ ದಿನವೇ ಕೊಡುವುದು ಉತ್ತಮ. ಇದು ಎಲ್ಲ ಚಿಕ್ಕ ಆಸ್ಪತ್ರೆಗಳಲ್ಲಿ ಸಿಗಲಾರದು. ಇಲ್ಲವೆಂದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಬರೆಸಿಕೊಂಡು ಹೊರಡಿರಿ. ಇಂಡಿಗನತ್ತ, ತುಳಸಿಕೆರೆಯಂತಹ ಬೆಟ್ಟದ ಊರುಗಳಿಂದ, ಸೋಲಿಗರ ಪೋಡುಗಳಿಂದ ಬರುವವರಿಗೆ ನಾಲ್ಕು ಸಲದ ಓಡಾಟ ಕಷ್ಟವೇ. ಆದರೂ ಗಾಯ ಮಾಯಿತೆಂದು ನಡುವೆ ನಿಲ್ಲಿಸಬಾರದು. ತಡವಾಗಿದ್ದರೂ, ಲಕ್ಷಣ ಕಾಣದಿರುವ ತನಕ, ಹೋಗಿ ಲಸಿಕೆ ಹಾಕಿಸಿಕೊಳ್ಳಲೇಬೇಕು. ಗರ್ಭಿಣಿಯರಿಗೂ, ಎಳೆಯ ಮಕ್ಕಳಿಗೂ ಲಸಿಕೆಯಿಂದ ತೊಂದರೆ ಇಲ್ಲ.

ಕಚ್ಚಿದ್ದು ಸಾಕುನಾಯಿಯಾದರೆ ಅದನ್ನು ಕೊಲ್ಲದೆ ಕಟ್ಟಿಹಾಕಿ 10 ದಿನ ಗಮನಿಸಿ. ಹತ್ತು ದಿನವೂ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲವೆಂದು ಅರ್ಥ. ಆದರೆ ಲಸಿಕೆಯನ್ನು ಮೊದಲ ದಿನವೇ ಶುರು ಮಾಡಬೇಕು. ಮುಂದುವರಿಸುವುದು ಬಿಡುವುದು ವೈದ್ಯರ ತೀರ್ಮಾನ. ಈ ಹತ್ತು ದಿನದ ಲೆಕ್ಕ ನಾಯಿ, ಬೆಕ್ಕುಗಳಿಗೆ ಮಾತ್ರ. ಕಾಡುಪ್ರಾಣಿಗೆ ಅನ್ವಯಿಸದು.

ಹದಿನಾಲ್ಕು ಸೂಜಿಯ ಭಯ

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ಅದು ಸುಳ್ಳಲ್ಲ. 1956ರವರೆಗೆ ಕೊಳ್ಳೇಗಾಲ ಸೀಮೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಮದರಾಸು ಪ್ರಾಂತದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಗಿ, ದಕ್ಷಿಣ ಭಾರತಕ್ಕೆಲ್ಲ ಹುಚ್ಚುನಾಯಿ ಕಡಿತದ ಚಿಕಿತ್ಸೆಯ ಕೇಂದ್ರವಾಯಿತು. ಕುರಿಯ ಮಿದುಳಿನಿಂದ ತಯಾರಿಸಿದ ಆ ಕಾಲದ ಲಸಿಕೆಯನ್ನು ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚುತ್ತಿದ್ದರು. ನೋವು ಬಹಳ, ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. 2004ರ ಕೊನೆಗೆ ದೇಶದಲ್ಲಿ ಆ ಲಸಿಕೆಯನ್ನು ಪೂರ್ತಿ ನಿಲ್ಲಿಸಲಾಯಿತು. ಈಗಿನದು ತೋಳಿಗೆ ಕೊಡುವ, ಸುರಕ್ಷಿತವಾದ ಲಸಿಕೆ. ಹೋಗಿಹೋದ ಸೂಜಿಗೆ ಹೆದರಿ ಇಂದು ಪ್ರಾಣ ಕಳೆದುಕೊಳ್ಳುವುದು ಬೇಡ.

ಮಂತ್ರ ಫಲಿಸಿತೆಂಬ ನಂಬಿಕೆ

ಕೊಳ್ಳೇಗಾಲದ ಮಂತ್ರಕ್ಕೆ ನಾಡಿನಲ್ಲೆಲ್ಲ ಹೆಸರಿದೆ. ನಾಯಿ ಕಡಿತಕ್ಕೆ ಮಂತ್ರಿಸಿದ ನೀರು, ತಾಯತ, ಸೊಪ್ಪಿನ ರಸ, ಪಥ್ಯ ಎಂದು ಹೋಗುವವರು ಎಲ್ಲ ಊರಲ್ಲೂ ಇದ್ದಾರೆ. ‘ನಮ್ಮ ಮಾವನಿಗೆ ಅದರಿಂದಲೇ ವಾಸಿಯಾಯಿತು’ ಎನ್ನುವವರ ಮಾತಿನ ಹಿಂದಿನ ಲೆಕ್ಕವನ್ನು ನೋಡೋಣ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಹುಚ್ಚು ಇರುವುದೇ ಇಲ್ಲ. ಇದ್ದರೂ, ದಪ್ಪ ಬಟ್ಟೆಯ ಮೇಲೆ ಕಚ್ಚಿದ್ದರೆ, ಗಾಯ ಆಳವಿಲ್ಲದಿದ್ದರೆ, ಎಲ್ಲರಿಗೂ ರೋಗ ಬರುವುದಿಲ್ಲ. ಇವರೆಲ್ಲ ಮದ್ದು ಕುಡಿದರೂ ಬದುಕುತ್ತಿದ್ದರು, ಕುಡಿಯದಿದ್ದರೂ ಬದುಕುತ್ತಿದ್ದರು. ಮದ್ದು ಕೊಟ್ಟವರಿಗೆ ಹೆಸರು ಬರುತ್ತದೆ. ರೋಗ ಬಂದವರು ಎರಡು ತಿಂಗಳ ಮೇಲೆ ಸಾಯುವಾಗ ಮದ್ದಿನ ಮಾತು ಯಾರಿಗೂ ನೆನಪಿರುವುದಿಲ್ಲ. ದೇವರಿಗೆ ಹರಕೆ ಹೊರುವವರು ಹೊರಲಿ. ಅದಕ್ಕೆ ಮೊದಲು ಸೋಪು, ಸೂಜಿ ಎರಡೂ ಆಗಲಿ.

2022-23ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ಈ ರೋಗದಿಂದ ಸಾಯುತ್ತಾರೆ. ನಾಯಿ ಕಚ್ಚಿದ ಐವರಲ್ಲಿ ಒಬ್ಬರು ಒಂದು ಸೂಜಿಯನ್ನೂ ಹಾಕಿಸಿಕೊಂಡಿರಲಿಲ್ಲ ಎಂದೂ ಅದೇ ಸಮೀಕ್ಷೆ ಕಂಡುಕೊಂಡಿತು.

ದನಕ್ಕೆ ಕಚ್ಚಿದರೆ

ದನದ ಗಾಯವನ್ನೂ ಅದೇ ರೀತಿ ಸೋಪು ನೀರಿನಿಂದ 15 ನಿಮಿಷ ತೊಳೆಯಿರಿ. ಕೈಗೆ ರಬ್ಬರ್ ಗ್ಲೌಸ್ ಇಲ್ಲವಾದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಅಂದೇ ಪಶು ಆಸ್ಪತ್ರೆಗೆ ತಿಳಿಸಿ. ಕಚ್ಚಿದ ಮೇಲೆಯೂ ದನಗಳಿಗೆ 0, 3, 7, 14, 28ನೇ ದಿನ ಲಸಿಕೆ ಕೊಡುವ ಕ್ರಮವಿದೆ. ಬೇಗ ಶುರುವಾದಷ್ಟೂ ಉಳಿಯುವ ಸಂಭವ ಹೆಚ್ಚು. ಆ ದನವನ್ನು ಬೇರೆ ಕಟ್ಟಿ, ಬೇರೆ ಗೋದಲಿಯಲ್ಲಿ ಮೇವು ಹಾಕಿ ಗಮನಿಸಿ. ನಷ್ಟ ತಪ್ಪಿಸಿಕೊಳ್ಳಲು ಸಂತೆಗೆ ಹೊಡೆದು ಮಾರುವುದು ಮತ್ತೊಬ್ಬ ರೈತನ ಮನೆಗೆ ಸಾವನ್ನು ಕಳಿಸಿದಂತೆ.

ಲಕ್ಷಣ ಕಂಡ ಹಸು, ಎಮ್ಮೆಯ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ. ಈಗಾಗಲೇ ಕಾಯಿಸಿದ ಹಾಲು ಕುಡಿದವರು ಹೆದರಬೇಕಾಗಿಲ್ಲ, ಕುದಿಯುವ ಶಾಖಕ್ಕೆ ವೈರಸ್ ಉಳಿಯದು. ಹಸಿ ಹಾಲು ಕುಡಿದವರು ವೈದ್ಯರ ಸಲಹೆ ಪಡೆಯಲಿ. ಬಾಯಿಗೆ ಕೈ ಹಾಕಿದವರು, ತರಚು ಗಾಯವಿದ್ದ ಕೈಗೆ ಜೊಲ್ಲು ತಗಲಿಸಿಕೊಂಡವರು ದನ ಸಾಯುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು.

ಸತ್ತ ದನದ ಚರ್ಮ ಸುಲಿಯಬಾರದು, ಮಾಂಸ ಹಂಚಬಾರದು, ನಾಯಿಗಳಿಗೆ ಎಸೆಯಬಾರದು. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. ರೋಗ ಖಚಿತಪಡಿಸಿಕೊಳ್ಳಬೇಕಾದರೆ ಪಶುವೈದ್ಯರ ಮೂಲಕ ಮಿದುಳಿನ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬಿಸ್ ಪ್ರಯೋಗಾಲಯಕ್ಕೆ ಕಳಿಸಬಹುದು. ಅದು ಈ ರೋಗದ ಪರೀಕ್ಷೆಯಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕೇಂದ್ರ.

ಬೇರಿಗೇ ಮದ್ದು

ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಆದರೆ ರೋಗದ ಸರಪಳಿ ಕಡಿಯುತ್ತದೆ ಎಂದು ತಜ್ಞರು ಹೇಳುತ್ತಾರೆ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಪಶುವೈದ್ಯರು ಹೇಳಿದಂತೆ ಎರಡನೆಯದು, ಆಮೇಲೆ ವರ್ಷಕ್ಕೊಂದು. ಹೊಲ ಕಾಯುವ, ಕುರಿ ಕಾಯುವ, ದೊಡ್ಡಿ ಕಾಯುವ ನಾಯಿಗೂ ಇದು ಸಲ್ಲಬೇಕು. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬಿಸ್ ದಿನವಾಗಿ ಆಚರಿಸುತ್ತಾರೆ. ಆ ಸುಮಾರಿನಲ್ಲಿ ಪಶುಪಾಲನಾ ಇಲಾಖೆ ಲಸಿಕೆ ಶಿಬಿರಗಳನ್ನು ನಡೆಸುತ್ತದೆ. ನಿಮ್ಮೂರಿಗೆ ಶಿಬಿರ ಬರುವಂತೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿರಿ.

ಕೊಟ್ಟಿಗೆಯ ದನ ಜೊಲ್ಲು ಸುರಿಸುತ್ತಿದ್ದರೆ ತೋಳು ಮಡಿಸುವ ಮೊದಲು ಮನೆಯ ಮಕ್ಕಳನ್ನೂ ದನ ಮೇಯಿಸುವವರನ್ನೂ ಕರೆದು ಒಂದು ಮಾತು ಕೇಳಿ: ಇದಕ್ಕೆ ಯಾವಾಗಲಾದರೂ ನಾಯಿ ಕಚ್ಚಿತ್ತೆ?