ಬಾಗಿಲು ಮುಚ್ಚಿದರೂ ಮಾತು ನಿಲ್ಲದಿರಲಿ

2020ರ ಕೋವಿಡ್ ಕಾಲ ನೆನಪಿದೆಯಲ್ವಾ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರನ್ನು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದರೆ, ಕೋವಿಡ್ ವಾರ್ಡಿಗೆ ಮನೆಯವರು ಹೋಗುವಂತಿರಲಿಲ್ಲ. ಸೋಂಕು ಹರಡದಿರಲು ಅದು ಬೇಕಿತ್ತು, ನಿಜ. ಆದರೆ ಒಳಗಿರುವ ಅತ್ತೆ ಊಟ ಮಾಡಿದರಾ ಇಲ್ವಾ ಅಂತ ತಿಳಿಯೋದು ಹೇಗೆ?

ರೋಗಿಗಳ ಬಳಿ ಮೊಬೈಲ್ ಇರಲಿ, ಮನೆಯವರೊಂದಿಗೆ ವಿಡಿಯೋದಲ್ಲಿ ಮಾತಾಡಲಿ ಎಂದು ಅದೇ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಪತ್ರ ಬರೆದಿತ್ತು. ತೀರಿಕೊಂಡವರ ಮುಖವನ್ನು ಕೊನೆಯ ಬಾರಿ ನೋಡಲು ಮಾರ್ಚ್ ತಿಂಗಳ ಮಾರ್ಗಸೂಚಿಯಲ್ಲೇ ಅವಕಾಶವಿತ್ತು. ಗೊತ್ತಿದ್ದರೆ ತಾನೇ ಕೇಳೋದು?

ಮುಂದೆ ಇಂಥ ಕಾಲ ಬಂದರೆ ರೋಗಿಯ ಚೀಲದಲ್ಲಿ ಮೊಬೈಲ್, ಚಾರ್ಜರ್, ಮನೆಯವರ ನಂಬರ್ ಬರೆದ ಚೀಟಿ ಇಡಿ. ದಿನಾ ವಿಷಯ ತಿಳಿಸೋರು ಯಾರು, ಎಷ್ಟು ಗಂಟೆಗೆ ಅಂತ ಸೇರಿಸುವಾಗಲೇ ಕೇಳಿಬಿಡಿ. ಸಂಕೋಚ ಬೇಡ.