ಮಂದ್ರಕ್ಕೆ ಇಳಿಯುವ ಬಗೆ

ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬನು ಲಗ್ನದ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸಿ ಓದಿನ ಖರ್ಚನ್ನು ತಾನೇ ನೋಡಿಕೊಳ್ಳುತ್ತಾನೆ. ಮೇಲಿನ ಸ್ವರಗಳು ಅವನಿಗೆ ಸಲೀಸು. ಮಂದ್ರಕ್ಕೆ ಇಳಿದರೆ ಮಾತ್ರ ನಾದವು ಒಡೆದು ಒಂದು ಸ್ಥಾಯಿ ಮೇಲಕ್ಕೆ ಜಿಗಿಯುತ್ತಿತ್ತು. "ನನ್ನ ಉಸಿರಿಗೆ ಅಷ್ಟು ಕಸುವಿಲ್ಲ ಸರ್, ಬಿಟ್ಟುಬಿಡುತ್ತೇನೆ" ಎಂದನು. ಕೊರತೆಯಿದ್ದುದು ಉಸಿರಿನಲ್ಲಲ್ಲ, ತುಟಿಯ ಹಿಡಿತದಲ್ಲಿ.

ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ಮೈ ಹಿತ್ತಾಳೆಯದು. ನಾದ ಹುಟ್ಟುವುದು ಮೌತ್‌ಪೀಸಿಗೆ ಬಿಗಿದ ತೆಳುವಾದ ರೀಡಿನಲ್ಲಿ. ಅತ್ಯಂತ ಕೆಳಗಿನ ಸ್ವರಕ್ಕೆ ರಂಧ್ರಗಳೆಲ್ಲ ಮುಚ್ಚಿ, ಕೊಳವೆಯ ಪೂರ್ಣ ಉದ್ದದ ಗಾಳಿ ಕಂಪಿಸಬೇಕು. ರೀಡು ಸ್ವತಂತ್ರವಾಗಿ ಅಲುಗಿದರಷ್ಟೇ ಅದು ಸಾಧ್ಯ. ಹೆದರಿ ದವಡೆಯನ್ನು ಬಿಗಿದರೆ ರೀಡಿನ ಆಟ ಕುಗ್ಗಿ, ಮೂಲನಾದದ ಬದಲು ಮೇಲಿನ ಸ್ಥಾಯಿಯ ಸ್ವರ ಹೊಮ್ಮುತ್ತದೆ.

ಆದ್ದರಿಂದ ಕೆಳದವಡೆಯನ್ನು ತುಸು ಸಡಿಲಿಸಬೇಕು. ಬಾಯಿಯ ಮೂಲೆಗಳನ್ನು ಮಾತ್ರ ಸಡಿಲಬಿಡದೆ ಗಾಳಿ ಸೋರದಂತೆ ಕಾಯಬೇಕು. ಕೆನ್ನೆ ಉಬ್ಬಬಾರದು. ಇಲ್ಲಿ ನಮ್ಮ ವರ್ಣಮಾಲೆ ನೆರವಿಗೆ ಬರುತ್ತದೆ. 'ಈ' ಎನ್ನುವಾಗ ನಾಲಗೆ ಅಂಗುಳಿನತ್ತ ಏರಿ ದಾರಿ ಕಿರಿದಾಗುತ್ತದೆ. 'ಓ' ಎನ್ನುವಾಗ ಬಾಯಿಯೊಳಗೆ ಇಂಬಾಗುತ್ತದೆ. ಮಂದ್ರಕ್ಕೆ 'ಓ'ಕಾರದ ಬಾಯಿ ಬೇಕು. ಉಸಿರನ್ನು ರಭಸದಿಂದ ತಳ್ಳದೆ, ಚಳಿಯಲ್ಲಿ ಅಂಗೈ ಬೆಚ್ಚಗಾಗಿಸಲು ಊದುವಂತೆ, ಹೊಟ್ಟೆಯ ಆಸರೆಯಿಂದ ಎಡೆಬಿಡದೆ ಬಿಡಬೇಕು.

ಅಭ್ಯಾಸ ಸರಳ. ಮಧ್ಯಭಾಗದ ಜಿ ಸ್ವರವನ್ನು ನೆಮ್ಮದಿಯಾಗಿ ಹಿಡಿದು, ಒಂದೊಂದು ಅರ್ಧಸ್ವರ ಇಳಿಯುತ್ತ ಬಿ ಫ್ಲ್ಯಾಟ್‌ವರೆಗೆ ಸಾಗಬೇಕು. ಪ್ರತಿ ಸ್ವರವೂ ಸ್ಥಿರವಾದ ಮೇಲೆಯೇ ಮುಂದಿನದು. ನಾದ ಒಡೆದ ಕಡೆ ಒಂದು ಮೆಟ್ಟಿಲು ಮೇಲೇರಿ, ತುಟಿಯ ನಿಲುವನ್ನು ನೆನಪಿಟ್ಟುಕೊಂಡು ಮತ್ತೆ ಇಳಿಯಬೇಕು.

ಇಷ್ಟಾದರೂ ಸ್ವರ ನಿಲ್ಲದಿದ್ದರೆ ವಾದ್ಯವನ್ನು ಪರೀಕ್ಷಿಸಬೇಕು. ರಂಧ್ರ ಮುಚ್ಚುವ ಪ್ಯಾಡಿನ ಕೆಳಗೆ ತೆಳುಕಾಗದದ ಪಟ್ಟಿಯಿಟ್ಟು, ಪ್ಯಾಡನ್ನು ಮುಚ್ಚಿ ಮೆಲ್ಲಗೆ ಎಳೆಯಿರಿ. ಸುತ್ತಲೂ ಹಿಡಿತ ಸಮನಾಗಿರಬೇಕು. ಸಡಿಲವಾಗಿ ಜಾರಿಬಂದ ಕಡೆ ಗಾಳಿ ಸೋರುತ್ತಿದೆ. ಅಂಥ ಸಣ್ಣ ಸೋರಿಕೆಯೂ ಮಂದ್ರವನ್ನು ಕೆಡಿಸುತ್ತದೆ.

ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮಾರುಹೋದವರು. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರಿಗೆ ವರ್ಷಗಳ ಸಾಧನೆ ಬೇಕಾಯಿತು. ಇದನ್ನು ಆ ಹುಡುಗನಿಗೆ ಹೇಳಿದೆ. ಅವನ ವಾದ್ಯದಲ್ಲಿ ಒಂದು ಪ್ಯಾಡು ಸವೆದಿತ್ತು, ಬದಲಾಯಿಸಿದನು. ಬಿ ಫ್ಲ್ಯಾಟ್ ಇನ್ನೂ ಆಗೊಮ್ಮೆ ಈಗೊಮ್ಮೆ ಒಡೆಯುತ್ತದೆ. ಬಿಟ್ಟುಬಿಡುವ ಮಾತನ್ನು ಮಾತ್ರ ಅವನು ಮತ್ತೆ ಆಡಿಲ್ಲ.