ಮನೆಯಲ್ಲೇ ಕಟ್ಟುವ ವಾಲ್-ಇ: ತಯಾರಿ ಮತ್ತು ತರಗತಿ ಬಳಕೆ

2008ರಲ್ಲಿ ಪಿಕ್ಸಾರ್ ಸಂಸ್ಥೆ ಹೊರತಂದ ‘ವಾಲ್-ಇ’ ಚಿತ್ರದ ನಾಯಕ, ಕಸವನ್ನು ಒತ್ತಿ ಇಟ್ಟಿಗೆಯಂತೆ ಪೇರಿಸುವ ಒಂದು ರೋಬೊ. ಡಬ್ಬಿಯಂಥ ಮೈ, ದುರ್ಬೀನಿನಂಥ ಕಣ್ಣು, ಕಾಲಿನ ಬದಲು ಎರಡು ಪಟ್ಟಿಗಾಲಿ. ಕ್ಯಾಲಿಫೋರ್ನಿಯಾದ ಹವ್ಯಾಸಿ ಮೈಕ್ ಸೆನ್ನಾ ಇದರ ಪೂರ್ಣಗಾತ್ರದ, ಓಡಾಡುವ ಪ್ರತಿಕೃತಿಯನ್ನು ಮನೆಯಲ್ಲೇ ಕಟ್ಟಿದರು. ನಮ್ಮ ಪ್ರೌಢಶಾಲೆಗೆ ರಟ್ಟಿನ ಡಬ್ಬಿಯ ಚಿಕ್ಕ ವಾಲ್-ಇ ಸಾಕು.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ಶೇ. 50.59 ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಇಂಥ ಜಿಲ್ಲೆಯಲ್ಲಿ ಆಟಿಕೆಗೆ ಮೂರು ಅವಧಿ ಕೊಡಬಹುದೇ ಎಂದು ಮೇಲ್ವಿಚಾರಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪ್ರಶಿಕ್ಷಣಾರ್ಥಿ ತಾನೇ ಮಾಡಿ ತಂದು ಮೇಜಿನ ಮೇಲೆ ಓಡಿಸಿ ತೋರಿಸುವುದಾದರೆ ಕೊಡಬಾರದು. ಮಕ್ಕಳೇ ಕಟ್ಟಿ, ಅಳೆದು, ಕೆಟ್ಟದ್ದನ್ನು ಹುಡುಕುವುದಾದರೆ ಕೊಡಬೇಕು.

ಬೇಕಾಗುವ ಸಾಮಗ್ರಿ: ಗೇರ್ ಇರುವ ಎರಡು ಬಿಓ ಮೋಟಾರು, ನಾಲ್ಕು ಗಾಲಿ, 1.5 ವೋಲ್ಟಿನ ನಾಲ್ಕು ಸೆಲ್, ನಡುವೆ ನಿಲ್ಲುವಂಥ ಎರಡು ಡಿಪಿಡಿಟಿ ಸ್ವಿಚ್, ಹಳೆಯ ಸೈಕಲ್ ಟ್ಯೂಬ್, ರಟ್ಟಿನ ಡಬ್ಬಿ. ಟ್ಯೂಬನ್ನು ಉದ್ದಕ್ಕೆ ಸೀಳಿ, ಪಂಕ್ಚರ್ ಸಲ್ಯೂಷನ್‌ನಿಂದ ಅಂಟಿಸಿದರೆ ಪಟ್ಟಿ ಸಿದ್ಧ. ಬಾಟಲಿಯ ಕೊರಳುಗಳೇ ಕಣ್ಣು. ಅವುಗಳಲ್ಲಿ ಕೆಂಪು ಎಲ್‌ಇಡಿ ಇಟ್ಟು, ಪ್ರತಿಯೊಂದಕ್ಕೂ 220 ಓಮ್ ರೋಧಕ ಜೋಡಿಸಬೇಕು. ಮೊಬೈಲಿನ ಹಳೆಯ ಬ್ಯಾಟರಿ ಹಾಗೂ ಮನೆಯ ಕರೆಂಟು ಬೇಡವೇ ಬೇಡ.

ಜೋಡಣೆ: ಪ್ರತಿ ಸ್ವಿಚ್‌ಗೆ ಆರು ಪಿನ್. ನಡುವಿನ ಎರಡಕ್ಕೆ ಮೋಟಾರು, ಒಂದು ತುದಿಯ ಎರಡಕ್ಕೆ ಬ್ಯಾಟರಿ. ಆ ತುದಿಯಿಂದ ಇನ್ನೊಂದು ತುದಿಗೆ ಎರಡು ತಂತಿಗಳನ್ನು ಕತ್ತರಿಯಂತೆ ಅಡ್ಡ ಹಾಯಿಸಬೇಕು. ಆಗ ಸ್ವಿಚ್ ಆಚೆ ಒತ್ತಿದರೆ ಪ್ರವಾಹದ ದಿಕ್ಕು ಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತದೆ. ಎರಡೂ ಮೋಟಾರು ಮುಂದಕ್ಕೆ ತಿರುಗಿದರೆ ನೇರ ನಡಿಗೆ. ಒಂದು ಮುಂದೆ, ಒಂದು ಹಿಂದೆ ತಿರುಗಿದರೆ ನಿಂತಲ್ಲೇ ಸುತ್ತು. ಕಾಲುವೆ ಕೆಲಸಕ್ಕೆ ಬರುವ ಚೈನಿನ ಹಿಟಾಚಿ ತಿರುಗುವುದೂ ಹೀಗೆಯೇ. ಶಹಾಪುರ, ಸುರಪುರದ ಮಕ್ಕಳಿಗೆ ಈ ಹೋಲಿಕೆಯಿಂದಲೇ ಪಾಠ ಆರಂಭಿಸಬಹುದು.

ಅಳತೆ: ಗಾಲಿಯ ವ್ಯಾಸ 6.5 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 20.4 ಸೆಂ.ಮೀ. ನಿಮಿಷಕ್ಕೆ 100 ಸುತ್ತು ತಿರುಗಿದರೆ ಸೆಕೆಂಡಿಗೆ 34 ಸೆಂ.ಮೀ. ಚಲಿಸಬೇಕು. ಮಕ್ಕಳು ನೆಲದ ಮೇಲೆ ಎರಡು ಮೀಟರ್ ಗುರುತಿಸಿ ಗಡಿಯಾರ ಹಿಡಿದು ಅಳೆಯಲಿ. ಸಿಕ್ಕ ವೇಗ ಲೆಕ್ಕಕ್ಕಿಂತ ಕಡಿಮೆ ಬಂದರೆ ಕಾರಣ ಏನೆಂದು ಕೇಳಿ. ಭಾರ, ಘರ್ಷಣೆ, ಸೆಲ್‌ಗಳ ಸ್ಥಿತಿ ಎಂಬ ಉತ್ತರಗಳು ಅವರಿಂದಲೇ ಬರಬೇಕು.

ಆಮೇಲೆ ಅದೇ ವಾಲ್-ಇಯನ್ನು ಶಹಾಬಾದಿ ಫರ್ಸಿಯ ಮೇಲೂ ಗೋಣಿಚೀಲದ ಮೇಲೂ ತಿರುಗಿಸಿ. ನೇರ ಹೋಗಲು ಪಟ್ಟಿಗೆ ನೆಲದ ಹಿಡಿತ ಬೇಕು. ಆದರೆ ತಿರುಗುವಾಗ ಪಟ್ಟಿ ಅಡ್ಡಕ್ಕೆ ಜಾರಬೇಕು. ಹೀಗಾಗಿ ಫರ್ಸಿಯ ಮೇಲೆ ಸಲೀಸಾಗಿ ತಿರುಗುವ ಯಂತ್ರ ಗೋಣಿಯ ಮೇಲೆ ಏದುಸಿರು ಬಿಡುತ್ತದೆ. ಘರ್ಷಣೆ ಒಂದೇ ಯಂತ್ರಕ್ಕೆ ಉಪಕಾರಿಯೂ ಹೌದು, ಅಡ್ಡಿಯೂ ಹೌದು ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

5ಇ ಪಾಠಯೋಜನೆಯಲ್ಲಿ ಕಟ್ಟುವಿಕೆ ಮತ್ತು ಅಳತೆ ಅನ್ವೇಷಣೆಯ ಹಂತಕ್ಕೆ ಸೇರುತ್ತವೆ. ವಿವರಣೆ ನಂತರ ಬರಲಿ. ಐದೈದು ಮಕ್ಕಳ ತಂಡದಲ್ಲಿ ಸ್ಕ್ರೂಡ್ರೈವರ್ ಪಾಳಿಯಂತೆ ಎಲ್ಲರ ಕೈಗೂ ಹೋಗಲಿ. ಇಲ್ಲವಾದರೆ ಹುಡುಗರು ಕಟ್ಟುತ್ತಾರೆ, ಹುಡುಗಿಯರು ದಾಖಲೆ ಬರೆಯುತ್ತಾರೆ.

ವಿಸ್ತರಣೆಗೆ ಒಂದು ಪ್ರಶ್ನೆ: ಇದು ನಿಜಕ್ಕೂ ರೋಬೊನಾ? ಅಲ್ಲ, ಸುತ್ತಲಿನದನ್ನು ತಾನೇ ಗ್ರಹಿಸಿ ನಿರ್ಧರಿಸುವ ಶಕ್ತಿ ಇದಕ್ಕಿಲ್ಲ, ಸ್ವಿಚ್ ಒತ್ತುವ ಮಗುವೇ ಇದರ ಮಿದುಳು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಲ್ಲಿ ಸಂವೇದಕ ಸೇರಿಸಿ ಮುಂದಿನ ಹೆಜ್ಜೆ ಇಡಬಹುದು.

ಮೌಲ್ಯಮಾಪನಕ್ಕೆ ಪ್ರತಿ ತಂಡದ ಯಂತ್ರದಲ್ಲಿ ಒಂದು ತಂತಿಯನ್ನು ಸಡಿಲಿಸಿ ಇನ್ನೊಂದು ತಂಡಕ್ಕೆ ಕೊಡಿ. ಸೆಲ್, ಸ್ವಿಚ್, ಮೋಟಾರು ಎಂದು ಕ್ರಮವಾಗಿ ಪರೀಕ್ಷಿಸಿ ದೋಷ ಕಂಡುಹಿಡಿದ ಮಗುವಿಗೆ ವಿದ್ಯುತ್ ಮಂಡಲ ಅರ್ಥವಾಗಿದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸುವಾಗ ಅದು ಬಾಯಿಪಾಠವನ್ನು ನೆಚ್ಚಬೇಕಾಗಿಲ್ಲ.